ಕ್ರಿಸ್ತಜಯಂತಿಯ ಅಚ್ಚುಬಿಲ್ಲೆಗಳ ಚರಿತ್ರೆ

ಜರ್ಮನಿ ದೇಶದ ಬವೇರಿಯ ಸೀಮೆಯ ಉತ್ತರಭಾಗದಲ್ಲಿ, ಪೆಗ್ನಿಟ್ಸ್ ಎಂಬ ಹೊಳೆಯ ಎರಡು ದಡಗಳ ಮೇಲೂ ಹಬ್ಬಿಕೊಂಡು ನ್ಯೂರೆಂಬರ್ಗ್ ಎಂಬ ಪ್ರಾಚೀನ ಪಟ್ಟಣವೊಂದಿರುವುದು. ಅದರ ಸುತ್ತಮುತ್ತ ಮೆಣಸಿನ ಬಳ್ಳಿಯಾಗಲಿ, ಏಲಕ್ಕಿಯ ಗಿಡವಾಗಲಿ, ಶುಂಠಿಯ ಪಾತಿಯಾಗಲಿ ಬೆಳೆಯತಕ್ಕುದಲ್ಲ. ಚಳಿಗಾಲ ಬಂದಿತೆಂದರೆ ಅಲ್ಲಿಯ ನೆಲವು ಹಿಮದಿಂದ ಬಿಗಿದುಕೊಳ್ಳುವುದು. ಹೀಗಿದ್ದರೂ ಈ ಸಂಬಾರಗಳಿಂದ ಘಮಘಮಿಸುವ ಭಕ್ಷ್ಯವೊಂದಕ್ಕೆ ಆ ಊರಿನ ಹೆಸರೇ ವಿಶೇಷಣವಾಗಿ ನಿಂತು ಹಲವು ಶತಮಾನಗಳು ಕಳೆದುವು. ಡಿಸೆಂಬರ್ ೨೫ಕ್ಕೆ ಮುಂಚಿನ ವಾರಗಳಲ್ಲಿ ಯೂರೋಪು ಅಮೆರಿಕಾ ಖಂಡಗಳ ಗೃಹಿಣಿಯರು ನಕ್ಷತ್ರ, ಅರ್ಧಚಂದ್ರ, ಹೃದಯ, ದೇವದೂತ, ಕುರಿಮರಿ ಮೊದಲಾದ ಆಕಾರಗಳಲ್ಲಿ ಹಿಟ್ಟನ್ನು ಕೊರೆದು, ಭಟ್ಟಿಯಲ್ಲಿ ಬೇಯಿಸಿ, ಮೇಲೆ ಬಣ್ಣದ ಸಕ್ಕರೆಯಿಂದ ಚಿತ್ತಾರ ಬಿಡಿಸುವ ಬಿಲ್ಲೆಗಳ ವಂಶವನ್ನು ಹುಡುಕುತ್ತ ಹೋದರೆ, ಅದರ ಒಂದು ಮುಖ್ಯವಾದ ಬೇರು ಈ ಪಟ್ಟಣಕ್ಕೂ, ಇನ್ನೊಂದು ಬೇರು ಮಲಬಾರ್ ಕನ್ನಡ ಕರಾವಳಿಗಳ ತೋಟಗಳಿಗೂ ಇಳಿದಿರುವುದು ಕಂಡುಬರುವುದು.

ಮೊದಲು ಜೇನಿನ ವಿಚಾರ. ನ್ಯೂರೆಂಬರ್ಗಿನ ಸುತ್ತಲೂ ಇದ್ದ ಮಹಾರಣ್ಯವು ಚಕ್ರವರ್ತಿಯ ಸ್ವತ್ತಾಗಿದ್ದಿತು. ಅಲ್ಲಿ ಮರಗಳ ಪೊಟರೆಗಳನ್ನು ಕೊರೆದು ಕಾಡುಜೇನನ್ನು ಸಾಕಿ ಇಳಿಸುವ ಜನರ ಪಂಗಡವೊಂದಿದ್ದಿತು. ಅವರಿಗೆ ತ್ಸೈಡ್ಲರ್ ಎಂದು ಹೆಸರು. ೧೩೫೦ರಲ್ಲಿ ನಾಲ್ಕನೆಯ ಚಾರ್ಲ್ಸ್ ದೊರೆಯು ಇವರಿಗೆ ವಿಶೇಷ ಹಕ್ಕುಗಳನ್ನು ದಯಪಾಲಿಸಿದನು. ಇವರಿಗೆ ತಮ್ಮದೇ ಆದ ನ್ಯಾಯಸ್ಥಾನವಿದ್ದಿತು, ಬಿಲ್ಲು ಹಿಡಿಯುವ ಅಧಿಕಾರವಿದ್ದಿತು. ಪ್ರತಿಯಾಗಿ ಜೇನಿನ ರೂಪದಲ್ಲಿ ಕಪ್ಪವನ್ನು ಒಪ್ಪಿಸಬೇಕಾಗಿದ್ದಿತು. ಆ ಅರಣ್ಯವನ್ನು ಜನರು ಸಾಮ್ರಾಜ್ಯದ ಜೇನುತೋಟವೆಂದೇ ಕರೆಯುತ್ತಿದ್ದರು. ಸಕ್ಕರೆಯೆಂಬುದು ಅರಬ್ಬೀ ವ್ಯಾಪಾರಿಗಳ ಕೈಯಿಂದ ಬರತಕ್ಕ ಔಷಧದ ಸರಕಾಗಿದ್ದ ಕಾಲದಲ್ಲಿ ಊರ ಬಾಗಿಲಲ್ಲಿಯೇ ಇಷ್ಟು ಜೇನು ದೊರೆಯುತ್ತಿದ್ದುದು ಸಾಮಾನ್ಯವಾದ ಭಾಗ್ಯವಲ್ಲ. ೧೩೯೫ರ ದಾಖಲೆಯೊಂದರಲ್ಲಿ ಲೆಬ್‌ಕೂಖೆನ್ ಎಂಬ ಜೇನುರೊಟ್ಟಿಯನ್ನು ಮಾಡುವ ಕಸಬುದಾರನ ಉಲ್ಲೇಖವು ಈ ಪಟ್ಟಣದಲ್ಲಿ ಕಾಣಬರುವುದು. ಈ ಹೆಸರಿನ ಮೊದಲರ್ಧದ ವ್ಯುತ್ಪತ್ತಿಯ ವಿಷಯದಲ್ಲಿ ಪಂಡಿತರಲ್ಲಿ ಏಕಾಭಿಪ್ರಾಯವಿಲ್ಲ. ಉತ್ತರಾರ್ಧಕ್ಕೆ ರೊಟ್ಟಿ, ಕಡುಬು, ಭಕ್ಷ್ಯ ಎಂಬಷ್ಟೇ ಅರ್ಥ.

ಇನ್ನು ಸಂಬಾರ. ಇದೇ ಭಕ್ಷ್ಯಕ್ಕೆ ಜರ್ಮನಿಯ ಬೇರೆ ಕಡೆಗಳಲ್ಲಿ ಪ್ಫೆಫರ್‌ಕೂಖೆನ್, ಅಂದರೆ ಮೆಣಸಿನ ರೊಟ್ಟಿ ಎಂದು ಹೆಸರಿರುವುದು. ಸಮುದ್ರದಾಚೆಯಿಂದ ಬಂದ ಘಾಟಿನ ಪದಾರ್ಥಕ್ಕೆಲ್ಲ ಮೆಣಸೆಂದೇ ಹೇಳುತ್ತಿದ್ದ ಕಾಲದ ಹೆಸರಿದು. ನ್ಯೂರೆಂಬರ್ಗಿನ ಸಾಹುಕಾರರನ್ನು ಹೊಟ್ಟೆಕಿಚ್ಚಿನವರು ಮೆಣಸಿನ ಮೂಟೆಗಳೆಂದು ಅಣಕಿಸುತ್ತಿದ್ದರಂತೆ. ಆ ಮಾತುಗಳನ್ನು ಸ್ವಲ್ಪ ಕೆರೆದು ನೋಡಿದರೆ ಸಂಸ್ಕೃತದ ಲೋಹವು ಹೊಳೆಯುವುದು. ಪ್ಫೆಫರ್ ಎಂಬುದು ಲ್ಯಾಟಿನಿನ ಪಿಪೆರ್, ಅದು ಗ್ರೀಕರ ಪೆಪೆರಿ, ಅದು ಪಿಪ್ಪಲೀ. ಹಿಪ್ಪಲಿಯ ಹೆಸರು ಹೊಳೆ ದಾಟುವಷ್ಟರಲ್ಲಿ ಮರೀಚಕ್ಕೆ ಅಂಟಿಕೊಂಡುದೊಂದು ವಿನೋದ. ಶುಂಠಿಗೆ ಜರ್ಮನರು ಹೇಳುವ ಇಂಗ್ವೆರ್ ಎಂಬುದು ಜಿಂಗಿಬೆರ್ ಎಂಬ ಲ್ಯಾಟಿನ್ ಶಬ್ದದ ಮೂಲಕ ಪಾಲಿಯ ಸಿಂಗಿವೇರಕ್ಕೂ, ಸಂಸ್ಕೃತದ ಶೃಂಗವೇರಕ್ಕೂ ಮುಟ್ಟುವುದು. ಕೊಂಬಿನಂತೆ ಕವಲೊಡೆದುದರಿಂದ ಶೃಂಗವೇರವಾಯಿತೆಂದು ಪಾಠಶಾಲೆಗಳಲ್ಲಿ ಹೇಳುವುದುಂಟು. ಆದರೆ ಇಂಜಿ, ವೇರ್ ಎಂಬ ದ್ರಾವಿಡ ಶಬ್ದಗಳೇ ಸಂಸ್ಕೃತದ ವೇಷ ತೊಟ್ಟುವೆಂದು ಭಾಷಾಶಾಸ್ತ್ರಜ್ಞರು ಈಚೆಗೆ ವಾದಿಸುವರು. ಈ ವಾದವು ಬಲವಾಗಿಯೇ ಇರುವುದು. ತ್ಸುಕ್ಕರ್ ಎಂಬುದು ಶರ್ಕರೆಯೆಂದು ಬಿಡಿಸಿ ಹೇಳಬೇಕಾದುದಿಲ್ಲ.

ಈ ಸರಕುಗಳು ವೆನಿಸ್ ನಗರದಲ್ಲಿ ಜರ್ಮನ್ ವರ್ತಕರಿಗಾಗಿಯೇ ಮೀಸಲಾಗಿದ್ದ ಛತ್ರದ ಮೂಲಕ ಆಲ್ಪ್ಸ್ ಪರ್ವತವನ್ನು ದಾಟಿ ಬರುತ್ತಿದ್ದುವು. ಕಲಬೆರಕೆಯನ್ನು ನ್ಯೂರೆಂಬರ್ಗಿನವರು ಯಾವ ರೀತಿಯಲ್ಲಿಯೂ ಸಹಿಸುತ್ತಿರಲಿಲ್ಲ. ೧೪೪೪ರಲ್ಲಿ ಕೇಸರಿಗೆ ಬೆರಕೆ ಹಾಕಿ ಮಾರಿದವನೊಬ್ಬನನ್ನು ಅವನ ಸರಕಿನೊಡನೆಯೇ ಸುಟ್ಟರು. ಒಂದು ಚಿಟಿಕೆ ಸಂಬಾರಕ್ಕೆ ಮನುಷ್ಯನ ಪ್ರಾಣದ ಬೆಲೆ ಬಂದಿದ್ದ ಕಾಲವದು. ಮುಂದೆ ಪೋರ್ತುಗೀಸರು ಕಡಲದಾರಿಯನ್ನು ಕಂಡುಹಿಡಿದ ಕೂಡಲೆ ಜರ್ಮನಿಯ ವರ್ತಕರು ಹಿಂದೆ ಬೀಳಲಿಲ್ಲ. ೧೫೦೫ರಲ್ಲಿ ಫ್ರಾನ್ಸಿಸ್ಕೊ ದೆ ಅಲ್ಮೇಡಾನ ನೌಕಾಸಮೂಹದೊಡನೆ ಹೊರಟ ಮೂರು ಹಡಗುಗಳಿಗೆ ಔಗ್ಸ್‌ಬರ್ಗಿನ ವೆಲ್ಸರ್, ಫುಗ್ಗರ್ ಮನೆತನಗಳವರೂ, ನ್ಯೂರೆಂಬರ್ಗಿನ ಹಿರ್ಷ್‌ಫೋಗೆಲ್, ಇಮ್‌ಹೋಫ್ ಮನೆತನಗಳವರೂ ಬಂಡವಾಳ ಹಾಕಿದ್ದರು. ವೆಲ್ಸರರ ಪ್ರತಿನಿಧಿಯಾಗಿ ಬಂದ ಬಾಲ್ತಸಾರ್ ಸ್ಪ್ರಿಂಗರ್ ಎಂಬುವನ ಯಾತ್ರಾವೃತ್ತಾಂತವು ೧೫೦೯ರಲ್ಲಿ ಅಚ್ಚಾಯಿತು. ಈ ನೌಕಾಪಡೆಯು ಕಾರವಾರದ ಸಮೀಪದ ಅಂಜದೀವದಲ್ಲಿ ತಂಗಿ ಕೋಟೆ ಕಟ್ಟಲಾರಂಭಿಸಿತು. ಬಳಿಕ ಹೊನ್ನಾವರದ ಬಂದರಿಗೆ ನುಗ್ಗಿ ಅಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟಿತು. ಮರುವರ್ಷ ಆ ಮೂರು ಹಡಗುಗಳು ಮೆಣಸನ್ನು ತುಂಬಿಕೊಂಡು ಲಿಸ್ಬನ್ನಿಗೆ ಮರಳಿದುವು. ಕ್ರಿಸ್ತಜಯಂತಿಯ ಬಿಲ್ಲೆಯೆಂದರೆ ಮಕ್ಕಳ ಕೈತಿಂಡಿ, ನಿಜ. ಆದರೆ ಅದರ ಪರಿಮಳದಲ್ಲಿ ಹೊನ್ನಾವರದ ಹೊಗೆಯೂ ಒಂದಿಷ್ಟು ಸೇರಿರುವುದನ್ನು ಚರಿತ್ರಕಾರನು ಮುಚ್ಚಿಡಲಾಗದು.

ಜೇನೂ ಸಂಬಾರವೂ ಕೂಡಿದ ಹಿಟ್ಟು ಬಹಳ ಅಂಟು. ಅದು ತಗಡಿಗೆ ಹಿಡಿಯದಿರಲೆಂದು ಕೆಳಗೆ ತೆಳ್ಳನೆಯ ಹಪ್ಪಳದಂಥ ಹಾಳೆಯನ್ನು ಹಾಸುವ ಪದ್ಧತಿಯುಂಟು. ಇಗರ್ಜಿಯಲ್ಲಿ ಪ್ರಸಾದವಾಗಿ ಕೊಡುವ ಬಿಳಿಯ ಬಿಲ್ಲೆಯ ಜಾತಿಯದೇ ಈ ಹಾಳೆ. ಮಠಗಳ ಅಡಿಗೆಮನೆಗೂ ಈ ಭಕ್ಷ್ಯಕ್ಕೂ ಇದ್ದ ನಂಟನ್ನು ಇದೊಂದೇ ಸಾರುವುದು. ಹಿಟ್ಟು ಹಗುರಾಗಿ ಉಬ್ಬಲು ಹಿಂದಿನವರು ಎರಡು ಕ್ಷಾರಗಳನ್ನು ಬಳಸುತ್ತಿದ್ದರು. ಒಂದು ಮರದ ಬೂದಿಯಿಂದ ತೆಗೆದುದು. ವೈದ್ಯಗ್ರಂಥಗಳನ್ನು ಓದಿದವರಿಗೆ ಯವಕ್ಷಾರವೆಂದರೆ ಕೂಡಲೆ ಗೊತ್ತಾಗುವುದು. ಇನ್ನೊಂದು ಸಾರಂಗದ ಕೊಂಬನ್ನು ಬಟ್ಟಿಯಿಳಿಸಿ ಪಡೆದ ಉಪ್ಪು. ಇದನ್ನು ಹಾಕಿದ ಹಿಟ್ಟು ಬೇಯುವಾಗ ನವಸಾಗರದಂಥ ಘಾಟು ಮನೆಯೆಲ್ಲ ತುಂಬುವುದು, ಬೆಂದಮೇಲೆ ಸುಳಿವೂ ಇರದಂತೆ ಹೊರಟುಹೋಗುವುದು. ಇಂದಿಗೂ ಅದಕ್ಕೆ ಸಾರಂಗದ ಕೊಂಬಿನ ಉಪ್ಪೆಂದೇ ಹೆಸರು. ಕೊಂಬಿನ ಸಂಬಂಧ ಮಾತ್ರ ತಪ್ಪಿ ಬಹುಕಾಲವಾಯಿತು.

ಅಲಂಕಾರದ ಕಥೆ ಆರಂಭವಾಗುವುದು ಮರದ ಅಚ್ಚಿನಿಂದ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಸಂಕ್ರಾಂತಿಗೆ ಮುಂಚೆ ಅಟ್ಟದಿಂದಿಳಿಯುವ ಸಕ್ಕರೆ ಅಚ್ಚಿನ ಮಣೆಗಳನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಇಲ್ಲಿ ಪಾಕವನ್ನು ಎರೆಯುವರು, ಅಲ್ಲಿ ಹಿಟ್ಟನ್ನು ಒತ್ತುವರು, ಇಷ್ಟೇ ಭೇದ. ಜರ್ಮನಿಯ ಅಚ್ಚುಗಳನ್ನು ಹೆಚ್ಚಾಗಿ ಪೇರುಹಣ್ಣಿನ ಮರದಲ್ಲಿ ಕೊರೆಯುತ್ತಿದ್ದರು. ಆ ಮರದ ನೂಲು ಬಹಳ ಬಿಗಿಯಾದುದರಿಂದ ಕಣ್ಣೆವೆಯಷ್ಟು ಸೂಕ್ಷ್ಮವಾದ ಗೀರೂ ಮುಕ್ಕಾಗದೆ ನಿಲ್ಲುವುದು. ಸ್ವಿಟ್ಜರ್ಲೆಂಡಿನ ವಿಲ್ ಎಂಬ ಊರಿನ ಸಂನ್ಯಾಸಿನಿಯರ ಮಠದಲ್ಲಿದ್ದ, ದೇವರ ಕುರಿಮರಿಯನ್ನು ಕೊರೆದಿರುವ ದುಂಡನೆಯ ಅಚ್ಚೊಂದು ೧೪ನೆಯ ಶತಮಾನದ್ದೆನಿಸಿ ಜ್ಯೂರಿಕ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವುದು. ಮೊದಮೊದಲು ಇಂಥ ಧಾರ್ಮಿಕ ಚಿತ್ರಗಳೇ ಹೆಚ್ಚು. ಓದುಬರಹವಿಲ್ಲದವರಿಗೆ ಪುರಾಣವನ್ನು ತಿನ್ನುವ ರೂಪದಲ್ಲಿ ತಿಳಿಸಿದಂತಾಗುತ್ತಿದ್ದಿತು. ಬರಬರುತ್ತ ಕುದುರೆಯ ಮೇಲಿನ ಸರದಾರ, ಬೀಸಣಿಗೆ ಹಿಡಿದ ಹೆಂಗಸು, ಮನೆತನದ ಲಾಂಛನ, ತೊಟ್ಟಿಲು, ಅಕ್ಷರಮಾಲೆ ಇವೆಲ್ಲವೂ ಅಚ್ಚಿಗಿಳಿದುವು. ೧೪೮೭ರಲ್ಲಿ ಮೂರನೆಯ ಫ್ರೆಡರಿಕ್ ಚಕ್ರವರ್ತಿಯು ನ್ಯೂರೆಂಬರ್ಗಿನಲ್ಲಿ ಸಭೆ ಸೇರಿಸಿದಾಗ ಊರಿನ ಸಾವಿರಾರು ಮಕ್ಕಳನ್ನು ಕರೆಯಿಸಿ ತನ್ನ ಮುಖಮುದ್ರೆಯ ಜೇನುರೊಟ್ಟಿಗಳನ್ನು ಹಂಚಿದನೆಂದು ಹೇಳುವರು. ನಾಣ್ಯದ ಮೇಲಿನ ದೊರೆಯ ಮುಖವನ್ನು ಪ್ರಜೆಗಳು ಜೋಪಾನ ಮಾಡುವರು. ಈ ಮುಖವನ್ನು ಮಕ್ಕಳು ಮೂಗಿನಿಂದಾರಂಭಿಸಿ ಕಡಿದು ಮುಗಿಸಿದರು. ರಾಜಭಕ್ತಿಯನ್ನು ಬೆಳೆಸುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯವನ್ನು ಮುಂದಿನ ಯಾವ ಅರಸನೂ ಕಂಡಂತಿಲ್ಲ.

ಅಚ್ಚುಬಿಲ್ಲೆಗಳಲ್ಲಿ ಶ್ರೇಷ್ಠವಾದುದೆಂದರೆ ದಕ್ಷಿಣ ಜರ್ಮನಿಯ ಸ್ವಾಬಿಯ ಸೀಮೆಯ ಸ್ಪ್ರಿಂಗೆರ್ಲೆ. ಇದಕ್ಕೆ ಜೇನಿಲ್ಲ, ಮೊಟ್ಟೆ, ಸಕ್ಕರೆ, ಗೋದಿಯ ಹಿಟ್ಟು ಇಷ್ಟೇ. ಮೊಟ್ಟೆ ಸಕ್ಕರೆಗಳನ್ನು ಕೈನೋಯುವವರೆಗೂ ಕಡೆಯಬೇಕು. ಹಿಟ್ಟನ್ನು ಲಟ್ಟಿಸಿ, ಅಚ್ಚನ್ನೊತ್ತಿ, ಚಿತ್ರದಿಂದ ಚಿತ್ರಕ್ಕೆ ಕತ್ತರಿಸಿ, ಸೋಂಪಿನ ಜಾತಿಯ ಕಾಳನ್ನು ಚೆಲ್ಲಿದ ತಗಡಿನ ಮೇಲಿಟ್ಟು, ಒಂದು ರಾತ್ರಿ ಹಾಗೆಯೇ ಆರಲು ಬಿಡಬೇಕು. ಈ ಆರಿಕೆಯಲ್ಲಿಯೇ ಎಲ್ಲ ಗುಟ್ಟೂ ಅಡಗಿರುವುದು. ಮೇಲ್ಮೈಯು ಒಣಗಿ ಬಿಗಿದಿರುವುದರಿಂದ ಭಟ್ಟಿಯೊಳಗೆ ಹಿಟ್ಟು ಉಬ್ಬುವಾಗ ಮೇಲಕ್ಕೆ ಏಳಲಾರದೆ ಬುಡದಿಂದ ಏಳುವುದು. ಚಿತ್ರವು ಗೀರೂ ಕೆಡದೆ ಬೆಳ್ಳಗೆ ಉಳಿದು, ಕೆಳಗೆ ಪೀಠದಂಥ ಅಂಚೊಂದು ಮೂಡುವುದು. ಅದಕ್ಕೆ ಪಾದಗಳೆಂದು ಹೆಸರು. ಪಾದ ಮೂಡದ ಸ್ಪ್ರಿಂಗೆರ್ಲೆಯನ್ನು ಅತಿಥಿಗಳ ಮುಂದಿಡಲು ಸ್ವಾಬಿಯದ ಮುದುಕಿಯರು ನಾಚುವರು. ಬೆಂಕಿ ಸ್ವಲ್ಪ ಹೆಚ್ಚಾದರೂ ಮೇಲೆ ಕಂದು ಹತ್ತುವುದು. ಆರಿಕೆ ಕಡಮೆಯಾದರೆ ಚಿತ್ರದ ಮುಖವೇ ಒಡೆಯುವುದು. ತಾಳ್ಮೆಯಿಲ್ಲದವರಿಗೆ ಒಲಿಯತಕ್ಕ ವಿದ್ಯೆಯಲ್ಲ.

ಇಷ್ಟೆಲ್ಲ ಅಚ್ಚು ಅಲಂಕಾರಗಳು ಮನೆಯೊಳಗೆ ಎಲ್ಲರಿಗೂ ಸುಲಭವಾಗಿ ದಕ್ಕಿದುವೇ ಎಂದರೆ, ಇಲ್ಲ. ನ್ಯೂರೆಂಬರ್ಗಿನ ಜೇನುರೊಟ್ಟಿಯ ಕಸಬುದಾರರು ೧೬೪೩ರಲ್ಲಿ ಸಾಮಾನ್ಯ ರೊಟ್ಟಿಗಾರರಿಂದ ಬೇರೆಯಾಗಿ ತಮ್ಮದೇ ಶ್ರೇಣಿಯನ್ನು ಕಟ್ಟಿಕೊಂಡರು. ಶ್ರೇಣಿಯೆಂದರೆ ಪಾಕದ ಪ್ರಮಾಣ, ಅಚ್ಚು, ಶಿಷ್ಯವೃತ್ತಿ, ಮಾರಾಟ ಎಲ್ಲಕ್ಕೂ ಬೇಲಿ. ದೊಡ್ಡ ಮನೆತನದವರು ತಮ್ಮ ಲಾಂಛನದ ಅಚ್ಚನ್ನು ಕೊರೆಯಿಸಿಟ್ಟುಕೊಳ್ಳಬಹುದಾಗಿದ್ದಿತು. ಬಡವರ ಮನೆಯಲ್ಲಿ ಸಂಬಾರಕ್ಕೂ ದಾರಿಯಿರಲಿಲ್ಲ, ಭಟ್ಟಿಯೂ ಇರಲಿಲ್ಲ. ಆ ಮನೆಯ ಮಕ್ಕಳಿಗೆ ಚಿತ್ರದ ರೊಟ್ಟಿಯೆಂಬುದು ಜಾತ್ರೆಯ ಅಂಗಡಿಯಲ್ಲಿ ಕಣ್ಣಿನಿಂದ ತಿನ್ನುವ ಪದಾರ್ಥ. ಈ ಬೇಲಿ ಕಿತ್ತುಹೋದುದು ಯಾವ ಧರ್ಮೋಪದೇಶದಿಂದಲೂ ಅಲ್ಲ, ಒಂದು ಗಡ್ಡೆಯಿಂದ. ೧೭೪೭ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಮಾರ್ಗ್ರಾಫ್ ಎಂಬುವನು ಬೀಟ್ ಗಡ್ಡೆಯಲ್ಲಿ ಕಬ್ಬಿನದೇ ಸಕ್ಕರೆಯಿರುವುದನ್ನು ತೋರಿಸಿದನು. ಅವನ ಶಿಷ್ಯ ಆಖಾರ್ಡ್ ೧೯ನೆಯ ಶತಮಾನದ ಆರಂಭದಲ್ಲಿ ಸೈಲೀಸಿಯದ ಕುನೆರ್ನ್ ಎಂಬಲ್ಲಿ ಮೊದಲ ಕಾರ್ಖಾನೆಯನ್ನು ನಡೆಸಿದನು. ಆ ಶತಮಾನ ಮುಗಿಯುವುದರೊಳಗೆ ಸಕ್ಕರೆಯು ಔಷಧದ ಅಂಗಡಿಯಿಂದ ಕೂಲಿಕಾರನ ಅಡಿಗೆಮನೆಗೆ ಬಂದಿತು. ಕಬ್ಬಿಣದ ಒಲೆಗಳು ಮನೆಮನೆಗೂ ಬಂದುವು. ೧೮೪೫ರಲ್ಲಿ ಹೆನ್ರಿಯೆಟ್ಟ ಡೇವಿಡಿಸ್ ಎಂಬ ಉಪಾಧ್ಯಾಯಿನಿಯ ಪಾಕಗ್ರಂಥವು ಹೊರಬಂದು ಜರ್ಮನಿಯ ಲಕ್ಷಾಂತರ ಮನೆಗಳ ಕಪಾಟು ಸೇರಿತು. ೧೮೭೪ರಲ್ಲಿ ವೆನಿಲ್ಲಾ ಪರಿಮಳವನ್ನು ರಸಾಯನದಿಂದಲೇ ತಯಾರಿಸಲು ಕಲಿತರು. ೧೮೯೧ರಿಂದೀಚೆಗೆ ಬೀಲೆಫೆಲ್ಡಿನ ಔಷಧವ್ಯಾಪಾರಿ ಔಗುಸ್ಟ್ ಓಟ್ಕರ್ ಒಂದು ಪೌಂಡು ಹಿಟ್ಟಿಗೆ ಸರಿಯಾಗುವಷ್ಟು ಉಬ್ಬಿಸುವ ಪುಡಿಯನ್ನು ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿ ಮಾರಿದನು. ಹದ ಕೆಟ್ಟೀತೆಂಬ ಭಯದಿಂದ ಹಿಂಜರಿಯುತ್ತಿದ್ದ ಹೊಸ ಗೃಹಿಣಿಗೆ ಆ ಪೊಟ್ಟಣವು ಅತ್ತೆಯ ಕೈಗುಣವನ್ನು ಕಾಸಿಗೆ ಕೊಂಡಂತಾಯಿತು.

ಆದರೆ ಸುಲಭವಾದುದಕ್ಕೆ ತೆತ್ತ ಬೆಲೆಯೂ ಉಂಟು. ಸಕ್ಕರೆ ಅಗ್ಗವಾದುದರಿಂದ ಮೊಟ್ಟೆಯ ಬಿಳಿಯೊಡನೆ ಕಡೆದ ಬಿಳಿಯ ಪಾಕವನ್ನು ಕಾಗದದ ಸುರುಳಿಯಿಂದ ಹಿಂಡಿ ಚಿತ್ರ ಬರೆಯುವ ವಾಡಿಕೆ ಬಲವಾಯಿತು. ತಗಡನ್ನು ಬಗ್ಗಿಸಿ ಬೆಸೆದ ಕತ್ತರಿಸುವ ಅಚ್ಚುಗಳು ಕಾಸಿಗೊಂದರಂತೆ ದೊರೆತುವು. ಒಂದು ಪೇರುಮರದ ಹಲಗೆಯ ಮೇಲೆ ವಾರಗಟ್ಟಲೆ ಬಾಗಿ ಕುಳಿತು ಸರದಾರನ ಮೀಸೆಯನ್ನು ತಿದ್ದುತ್ತಿದ್ದ ಕೊರೆಗಾರನಿಗೆ ಕೆಲಸ ಹೋಯಿತು. ನೂರಾರು ಅಚ್ಚುಗಳು ಸೌದೆಯಾದುವು; ಉಳಿದುವು ಸಂಗ್ರಹಾಲಯದ ಗಾಜಿನ ಹಿಂದೆ ಸೇರಿದುವು. ತಗಡಿನ ಅಚ್ಚು ಆಕಾರದ ಅಂಚನ್ನು ಮಾತ್ರ ಕೊಡುವುದು, ಒಳಗಿನದನ್ನೆಲ್ಲ ಕೈಯೇ ಬರೆಯಬೇಕು. ಹೀಗಾಗಿ ಶಿಲ್ಪಿಯ ಚಿತ್ರವು ಹೋದ ಸ್ಥಳದಲ್ಲಿ ತಾಯಿಯ ಮತ್ತು ಮಕ್ಕಳ ಸೊಟ್ಟಪಟ್ಟ ಚಿತ್ರವು ಬಂದಿತು. ಕಲೆಯ ದೃಷ್ಟಿಯಿಂದ ನಷ್ಟವೆಂದು ಪಂಡಿತರು ಹೇಳಬಹುದು; ಆದರೆ ಚಕ್ರವರ್ತಿಯ ಮುಖಕ್ಕಿಂತ ಏಳು ವರ್ಷದ ಹುಡುಗಿ ಬರೆದ ಒಂದು ಕಣ್ಣಿನ ಕುರಿಮರಿಯೇ ಮನೆಯ ಹಬ್ಬಕ್ಕೆ ಹೆಚ್ಚು ಸಲ್ಲತಕ್ಕುದೆಂದು ವಾದಿಸುವವರ ಪಕ್ಷವೂ ದುರ್ಬಲವಲ್ಲ.

ಬಿಲ್ಲೆಗೂ ಹಬ್ಬದ ಮರಕ್ಕೂ ಇರುವ ಸಂಬಂಧವೂ ಹಳೆಯದೇ. ೧೬೦೫ರಲ್ಲಿ ಸ್ಟ್ರಾಸ್‌ಬರ್ಗಿನ ಮನೆಗಳನ್ನು ಕಂಡವನೊಬ್ಬನು, ಅಲ್ಲಿಯ ಜನರು ಕೋಣೆಯೊಳಗೆ ದೇವದಾರುಜಾತಿಯ ಮರವನ್ನು ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳುಬಿಲ್ಲೆ, ಬೇಗಡೆ, ಸಕ್ಕರೆ ಇವುಗಳನ್ನು ತೂಗುಹಾಕುವರೆಂದು ಬರೆದಿಟ್ಟಿರುವನು. ಗಾಜಿನ ಗುಂಡುಗಳು ಬರುವುದಕ್ಕೆ ಬಹಳ ಮುಂಚೆ ಆ ಮರದ ಆಭರಣಗಳು ತಿನ್ನತಕ್ಕವೇ ಆಗಿದ್ದುವೆಂಬುದು ಇದರಿಂದ ತಿಳಿಯುವುದು. ಗ್ರಿಮ್ ಸಹೋದರರು ೧೮೧೨ರಲ್ಲಿ ಪ್ರಕಟಿಸಿದ ಕಥೆಗಳಲ್ಲಿ, ತಂದೆತಾಯಿಗಳೇ ಹೊಟ್ಟೆಗಿಲ್ಲದೆ ಕಾಡಿಗಟ್ಟಿದ ಅಣ್ಣತಂಗಿಯರಿಗೆ ಸಿಕ್ಕುವ ಮನೆಯ ಗೋಡೆ ರೊಟ್ಟಿಯದು, ಕಿಟಕಿ ಸಕ್ಕರೆಯದು. ಅದರ ನೆನಪಿನಲ್ಲಿ ಜರ್ಮನಿಯ ಮನೆಗಳಲ್ಲಿ ಜೇನುರೊಟ್ಟಿಯ ಪುಟ್ಟ ಗುಡಿಸಲುಗಳನ್ನು ಕಟ್ಟುವರು. ಹಸಿವಿನ ಕಥೆಯೊಂದು ಹೊಟ್ಟೆ ತುಂಬಿದವರ ಆಟಿಕೆಯಾದುದು ವಿಚಿತ್ರ.

ಡಚ್ಚರು ಸಣ್ಣ ಭಕ್ಷ್ಯಕ್ಕೆ ಕೂಕ್ಯೆ ಎನ್ನುವರು. ಅಮೆರಿಕಾಕ್ಕೆ ಹೋಗಿ ನೆಲೆಸಿದ ಡಚ್ಚರ ಬಾಯಿಂದ ಇಂಗ್ಲಿಷಿಗೆ ಬಂದ ಶಬ್ದವೇ ಕುಕಿ. ೧೭೯೬ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಅಮೀಲಿಯ ಸಿಮನ್ಸ್ ಎಂಬಾಕೆಯ ಪಾಕಗ್ರಂಥವು ಅಚ್ಚಾಯಿತು. ಮುಖಪುಟದಲ್ಲಿ ತನ್ನನ್ನು ಆಕೆ ಅಮೆರಿಕಾದ ಅನಾಥೆಯೆಂದು ಕರೆದುಕೊಂಡಿರುವಳು; ಬೇರೆ ಬಿರುದೊಂದೂ ಇಲ್ಲ. ಅದರಲ್ಲಿ ಕ್ರಿಸ್‌ಮಸ್ ಕುಕಿಯ ಕ್ರಮವಿರುವುದು: ಮೂರು ಪೌಂಡು ಹಿಟ್ಟಿಗೆ ಒಂದು ಬಟ್ಟಲು ಕೊತ್ತಂಬರಿಬೀಜದ ಪುಡಿ, ಒಂದು ಪೌಂಡು ಬೆಣ್ಣೆ, ಒಂದೂವರೆ ಪೌಂಡು ಸಕ್ಕರೆ, ಹಾಲಿನಲ್ಲಿ ಕರಗಿಸಿದ ಬೂದಿಕ್ಷಾರ. ಮುಕ್ಕಾಲು ಅಂಗುಲ ದಪ್ಪಕ್ಕೆ ಲಟ್ಟಿಸಿ ಬೇಕಾದ ಆಕಾರಕ್ಕೆ ಕತ್ತರಿಸಿಯೋ ಅಚ್ಚೊತ್ತಿಯೋ ಬೇಯಿಸಬೇಕು. ಮೊದಲು ಗಟ್ಟಿಯಾಗಿದ್ದರೂ ಮಣ್ಣಿನ ಗಡಿಗೆಯಲ್ಲಿಟ್ಟರೆ ಆರು ತಿಂಗಳಿಗೆ ಮೃದುವೂ ರುಚಿಯೂ ಆಗುವುವೆಂದು ಆಕೆ ಧೈರ್ಯ ಹೇಳುವಳು. ಜೂನ್ ತಿಂಗಳವರೆಗೆ ಹಬ್ಬದ ತಿಂಡಿಯನ್ನು ಮಕ್ಕಳಿಂದ ಕಾಪಾಡುವ ಬಗೆಯನ್ನು ಮಾತ್ರ ಬರೆದಿಲ್ಲ.

ಕರ್ನಾಟಕದಲ್ಲಿ ಈ ಹಬ್ಬದ ಮನೆತಿಂಡಿಯು ಬೇರೆಯೇ ಹಾದಿಯನ್ನು ಹಿಡಿಯಿತು. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಕ್ರಿಸ್ತಜಯಂತಿಯ ತಿಂಡಿಗಳ ಸಮೂಹಕ್ಕೆ ಕುಸ್ವಾರ್ ಎಂದು ಹೆಸರು. ಮನೆಮನೆಯಲ್ಲಿ ಭಟ್ಟಿಯಿಲ್ಲದ ಸೀಮೆಯಾದುದರಿಂದ ಎಣ್ಣೆಯ ಬಾಣಲೆಯೇ ಅದರ ಕೆಲಸವನ್ನು ವಹಿಸಿಕೊಂಡಿತು. ಕರಜೀಕಾಯಿಯ ಸೋದರಿಯಾದ ನೆವ್ರಿ, ಬಾಚಣಿಗೆಯ ಅಥವಾ ಮುಳ್ಳುಚಮಚದ ಬೆನ್ನಿನ ಮೇಲೆ ಹಿಟ್ಟಿನ ತುಂಡನ್ನು ಒತ್ತಿ ಸುರುಳಿ ತೆಗೆದು ಕರಿದ ಕಿಡ್ಯೊ (ಹುಳುಗಳೆಂದೇ ಇದರ ಅರ್ಥ, ಹೆಸರಿಗೆ ಹೇಸದೆ ತಿಂದವರು ಮತ್ತೆ ಬೇಡುವರು), ಇವುಗಳ ನಡುವೆ ಗುಲಾಬಿಯಾಕಾರದ ಗರಿಗರಿಯಾದ ಬಿಲ್ಲೆ. ಕೊನೆಯದಕ್ಕೆ ಉದ್ದ ಹಿಡಿಯುಳ್ಳ ಕಬ್ಬಿಣದ ಅಚ್ಚು ಬೇಕು. ಅಚ್ಚನ್ನು ಕಾದ ಎಣ್ಣೆಯಲ್ಲಿ ಬಿಸಿಮಾಡಿ, ತೆಳುಹಿಟ್ಟಿನಲ್ಲಿ ಮುಕ್ಕಾಲುಮಟ್ಟಕ್ಕೆ ಅದ್ದಿ, ಮತ್ತೆ ಎಣ್ಣೆಗಿಳಿಸಿ ಅಲುಗಿಸಿದರೆ ಹೂವು ಕಳಚಿಕೊಂಡು ತೇಲುವುದು. ಮೇಲಂಚು ಮುಳುಗುವಂತೆ ಅದ್ದಿದರೆ ಹೂವು ಅಚ್ಚನ್ನು ಬಿಡದೆ ಅಲ್ಲಿಯೇ ಕರಕಾಗುವುದು. ಜರ್ಮನಿಯ ಮರದ ಅಚ್ಚಿನಂತೆ ಈ ಕಬ್ಬಿಣದ ಅಚ್ಚೂ ಅಜ್ಜಿಯಿಂದ ಮೊಮ್ಮಗಳಿಗೆ ಬರತಕ್ಕ ಆಸ್ತಿ. ತಟ್ಟೆಯಲ್ಲಿ ಜೋಡಿಸಿದ ಕುಸ್ವಾರ್ ನೆರೆಯ ಹಿಂದೂ ಮುಸಲ್ಮಾನರ ಮನೆಗಳಿಗೂ ಹೋಗುವುದು. ಆ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದು ಮರ್ಯಾದೆಯಲ್ಲವೆಂದು ನೆರೆಯವರು ಒಂದಿಷ್ಟು ಸಕ್ಕರೆಯನ್ನಾದರೂ ಹಾಕಿ ಕಳುಹುವರು.

ಯೂರೋಪಿನಲ್ಲಿ ಈ ಮನೆವಿದ್ಯೆಗೆ ಕೇಡುಗಾಲ ಬಂದುದು ಯುದ್ಧಗಳಿಂದ. ೧೯೧೫ರಲ್ಲಿ ಜರ್ಮನಿಯಲ್ಲಿ ರೊಟ್ಟಿಗೆ ಚೀಟಿಯ ಪದ್ಧತಿ ಬಂದಿತು; ೧೯೧೬-೧೭ರ ಚಳಿಗಾಲದಲ್ಲಿ ಆಲೂಗಡ್ಡೆಯೂ ಇಲ್ಲದೆ ದನದ ಮೇವಿನ ಟರ್ನಿಪ್ ಗಡ್ಡೆಯನ್ನು ಜನ ತಿಂದರು. ಹಿಟ್ಟು, ಬೆಣ್ಣೆ, ಮೊಟ್ಟೆಗಳಿಗೇ ಗತಿಯಿಲ್ಲದಾಗ ಚಿತ್ತಾರದ ಮಾತೆಲ್ಲಿ? ೧೯೪೫ನೆಯ ಜನವರಿ ೨ರ ರಾತ್ರಿ ವಿಮಾನಗಳು ಸುರಿಸಿದ ಬಾಂಬುಗಳಿಂದ ನ್ಯೂರೆಂಬರ್ಗಿನ ಹಳೆಯ ಪೇಟೆಯು ಬಹುಮಟ್ಟಿಗೆ ಬೂದಿಯಾಯಿತು. ಮುರಿದ ಗೋಡೆಗಳ ನಡುವೆಯೇ ೧೯೪೮ರಲ್ಲಿ ಅಲ್ಲಿಯ ಕ್ರಿಸ್ತಜಯಂತಿಯ ಸಂತೆ ಮತ್ತೆ ಕೂಡಿತು. ೧೯೯೬ರಲ್ಲಿ ಯೂರೋಪಿನ ಒಕ್ಕೂಟವು ನ್ಯೂರೆಂಬರ್ಗ್ ಲೆಬ್‌ಕೂಖೆನ್ ಎಂಬ ಹೆಸರನ್ನು ಆ ಪಟ್ಟಣಕ್ಕೇ ಮೀಸಲಿಟ್ಟಿತು. ಅದರಲ್ಲಿ ಎಲೀಸೆನ್ ಎಂಬ ಉತ್ತಮಜಾತಿಯೆನಿಸಬೇಕಾದರೆ ಬಾದಾಮಿ ಮೊದಲಾದ ಬೀಜಗಳು ನೂರಕ್ಕೆ ೨೫ ಭಾಗಕ್ಕೆ ಕಡಮೆಯಿರಬಾರದು, ಹಿಟ್ಟು ೧೦ ಭಾಗಕ್ಕೆ ಮೀರಬಾರದು. ಶ್ರೇಣಿಯ ಬೇಲಿಯೇ ಬೇರೆ ಹೆಸರಿನಿಂದ ಮರಳಿ ಬಂದಿತೆನ್ನಬಹುದು. ಆದರೆ ಈ ಬೇಲಿ ಮಾರುವವರಿಗಲ್ಲದೆ ಮನೆಯವರಿಗಲ್ಲ.

ಮನೆಯವರ ಕ್ರಮ ಹಿಂದಿನಂತೆಯೇ ನಡೆಯುತ್ತಿರುವುದು. ಡಿಸೆಂಬರ್ ತಿಂಗಳ ಮೊದಲಲ್ಲಿ ಸ್ವಾಬಿಯದ ಮನೆಗಳಲ್ಲಿ ಹಲಗೆಗಳ ಮೇಲೆ ಒತ್ತಿಟ್ಟ ಬಿಲ್ಲೆಗಳು ಬೆಂಕಿಯಿಲ್ಲದ ಕೋಣೆಯಲ್ಲಿ ರಾತ್ರಿಯೆಲ್ಲ ಆರುತ್ತಿರುವುವು; ಮಕ್ಕಳು ಆ ಬಾಗಿಲನ್ನು ತೆರೆಯಕೂಡದು. ಬೆಂದ ಬಿಲ್ಲೆಗಳನ್ನು ತಗಡಿನ ಡಬ್ಬಿಗೆ ತುಂಬಿ, ಗಟ್ಟಿಯಾದುವು ಮೆತ್ತಗಾಗಲೆಂದು ಮೇಲೆ ಒಂದು ಹೋಳು ಸೇಬನ್ನಿಟ್ಟು ಮುಚ್ಚಳವನ್ನು ಬಿಗಿಯುವರು.